ಹಸುಗೂಸಿನ ಮೈ ಬಿಸಿಯಾದಾಗ

ಹಸುಗೂಸನ್ನು ಬೆಚ್ಚಗಿಡಬೇಕೆಂದು ನಮ್ಮ ಮನೆಗಳಲ್ಲಿ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಮೈಗೊಂದು ಅಂಗಿ, ತಲೆಗೆ ಕುಲಾವಿ, ಸುತ್ತಲೂ ಮೆತ್ತನೆಯ ಹಳೆಯ ಸೀರೆ, ಅದರ ಮೇಲೆ ಒಂದು ಕೌದಿ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿರುತ್ತದೆ, ಮೂಲೆಯಲ್ಲಿ ಕೆಂಡ ತುಂಬಿದ ಅಗ್ಗಿಷ್ಟಿಕೆ ಇರುತ್ತದೆ. ಈ ಎಚ್ಚರಿಕೆಯ ಹಿಂದೆ ತಲೆಮಾರುಗಳ ಅನುಭವವಿದೆ. ಆಗ ತಾನೇ ಹುಟ್ಟಿದ ಮಗು ಬಹಳ ಬೇಗ ತಣ್ಣಗಾಗುತ್ತದೆ, ಹಾಗೆ ತಣ್ಣಗಾದರೆ ಅದರ ಜೀವಕ್ಕೇ ಅಪಾಯ. ಆದರೆ ಇದೇ ಮಗು ಅಷ್ಟೇ ಬೇಗ ಅತಿಯಾಗಿ ಬಿಸಿಯೂ ಆಗಬಲ್ಲದು ಎಂಬುದು ಎಷ್ಟು ಜನರಿಗೆ ಗೊತ್ತು?

ಆರೋಗ್ಯ ಕುರಿತ ಸಂವಾದಗಳನ್ನು ಸಿದ್ಧಪಡಿಸುವಾಗ ವೀಕ್ಷಕರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಿದೆ: "ಮಗು ಹುಟ್ಟಿ ವಾರವಾಯಿತು. ಮೈ ಸುಡುತ್ತಿದೆ. ಇದು ಜ್ವರವೋ, ಸೆಕೆಯೋ?" ಪ್ರಶ್ನೆ ಸರಳವಾಗಿ ಕಾಣುತ್ತದೆ. ಉತ್ತರಿಸಲು ಮಾತ್ರ ಭೌತಶಾಸ್ತ್ರ, ಜೀವಶಾಸ್ತ್ರ ಎರಡೂ ಬೇಕು. ಈ ಎರಡನ್ನೂ ಓದುತ್ತಿರುವವರು ನೀವು. ಬಾಣಂತನಕ್ಕೆಂದು ತವರಿಗೆ ಬಂದ ಅಕ್ಕನೋ ಅತ್ತಿಗೆಯೋ ಇರುವ ಮನೆಯಲ್ಲಿ ಥರ್ಮಾಮೀಟರಿನ ಅಂಕಿಯನ್ನು ಓದಿ ಅರ್ಥ ಹೇಳಬಲ್ಲವರು ಎಷ್ಟೋ ಸಲ ನೀವೊಬ್ಬರೇ ಆಗಿರುತ್ತೀರಿ. ಆದ್ದರಿಂದ ಈ ವಿಷಯವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಶಾಖದ ಜಮಾ ಖರ್ಚು

ನಮ್ಮ ದೇಹ ಸದಾ ಶಾಖವನ್ನು ಉತ್ಪಾದಿಸುತ್ತಿರುತ್ತದೆ. ಉಂಡ ಆಹಾರದ ಶಕ್ತಿಯ ಬಹುಭಾಗ ಕೊನೆಗೆ ಶಾಖವಾಗಿಯೇ ಹೊರಬೀಳುತ್ತದೆ. ಉತ್ಪಾದನೆಯಾದಷ್ಟೇ ಶಾಖ ಹೊರಗೆ ಹೋಗುತ್ತಿದ್ದರೆ ಮೈಯ ಉಷ್ಣತೆ ಸ್ಥಿರವಾಗಿರುತ್ತದೆ. ಜಮಾ ಹೆಚ್ಚಿ ಖರ್ಚು ಕಡಿಮೆಯಾದರೆ ಮೈ ಬಿಸಿಯಾಗುತ್ತದೆ.

ಶಾಖ ಹೊರಹೋಗುವ ದಾರಿಗಳನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ತಣ್ಣನೆಯ ನೆಲಕ್ಕೆ ಮೈ ತಾಗಿದಾಗ ವಹನ. ಗಾಳಿ ಬೀಸಿದಾಗ ಸಂವಹನ. ಏನೂ ತಾಗದಿದ್ದರೂ ತಣ್ಣನೆಯ ಗೋಡೆಯ ಕಡೆಗೆ ವಿಕಿರಣ. ಬೆವರು ಆರಿದಾಗ ಆವಿಯಾಗುವಿಕೆ. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು. ಆ ಶಾಖವನ್ನು ಅದು ಚರ್ಮದಿಂದಲೇ ಎಳೆದುಕೊಳ್ಳುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೊದಲ ಮೂರು ದಾರಿಗಳು ಎರಡೂ ದಿಕ್ಕಿನವು. ಸುತ್ತಲಿನ ಗಾಳಿ, ಗೋಡೆ, ಹಾಸಿಗೆ ನಮ್ಮ ಚರ್ಮಕ್ಕಿಂತ ತಣ್ಣಗಿದ್ದರೆ ಶಾಖ ಹೊರಗೆ ಹರಿಯುತ್ತದೆ. ಬಿಸಿಯಾಗಿದ್ದರೆ ಒಳಗೆ ಹರಿಯುತ್ತದೆ. ಹೊರಗೆ 42 ಡಿಗ್ರಿ ಇರುವಾಗ ನಮ್ಮನ್ನು ಕಾಯುವುದು ಬೆವರೊಂದೇ.

ಈ ಜಮಾ ಖರ್ಚನ್ನು ನೋಡಿಕೊಳ್ಳುವುದು ಮಿದುಳಿನ ಹೈಪೋಥಲಮಸ್ ಎಂಬ ಪುಟ್ಟ ಭಾಗ. ಮೈ ಬಿಸಿಯಾದರೆ ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರಿಸುತ್ತದೆ. ತಣ್ಣಗಾದರೆ ರಕ್ತನಾಳಗಳನ್ನು ಕುಗ್ಗಿಸಿ ನಡುಗಿಸುತ್ತದೆ.

ಹಸುಗೂಸು ಹೇಗೆ ಭಿನ್ನ?

ಒಂದು ಲೆಕ್ಕ ಮಾಡೋಣ. 60 ಕಿಲೋ ತೂಕದ ವಯಸ್ಕರ ಚರ್ಮದ ವಿಸ್ತೀರ್ಣ ಸುಮಾರು 16,500 ಚದರ ಸೆಂಟಿಮೀಟರ್. ಅಂದರೆ ಕಿಲೋಗೆ 275. ಮೂರು ಕಿಲೋ ಮಗುವಿನ ಚರ್ಮ ಸುಮಾರು 2,000 ಚದರ ಸೆಂಟಿಮೀಟರ್. ಅಂದರೆ ಕಿಲೋಗೆ ಸುಮಾರು 670, ಎರಡೂವರೆ ಪಟ್ಟು. ಸಣ್ಣ ಲೋಟದ ಕಾಫಿ ದೊಡ್ಡ ಪಾತ್ರೆಯ ಕಾಫಿಗಿಂತ ಬೇಗ ಆರುವುದು ಇದೇ ಕಾರಣಕ್ಕೆ. ತಣ್ಣನೆಯ ಕೋಣೆಯಲ್ಲಿ ಮಗು ಬೇಗ ತಣ್ಣಗಾಗುವಂತೆ, ಬಿಸಿಯಾದ ಕೋಣೆಯಲ್ಲಿ ಬೇಗ ಬಿಸಿಯಾಗುತ್ತದೆ.

ಇನ್ನೊಂದು ಲೆಕ್ಕ. ಮಲಗಿರುವ ಈ ಮಗು ಸುಮಾರು 6ರಿಂದ 7 ವಾಟ್ ದರದಲ್ಲಿ ಶಾಖ ಉತ್ಪಾದಿಸುತ್ತದೆ. ಒಂದು ಸಣ್ಣ ಎಲ್‌ಇಡಿ ಬಲ್ಬು ಬಳಸುವ ವಿದ್ಯುತ್ತಿನಷ್ಟು. ದೇಹದ ವಿಶಿಷ್ಟೋಷ್ಣ ಕಿಲೋಗೆ, ಪ್ರತಿ ಡಿಗ್ರಿಗೆ ಸುಮಾರು 3,500 ಜೌಲ್. ಹಾಗಾದರೆ ಮೂರು ಕಿಲೋ ಮಗುವಿನ ಉಷ್ಣತೆ ಒಂದು ಡಿಗ್ರಿ ಏರಲು 10,500 ಜೌಲ್ ಸಾಕು. ಶಾಖ ಹೊರಗೆ ಹೋಗುವ ದಾರಿಗಳೆಲ್ಲ ಮುಚ್ಚಿದವು ಎಂದು ಇಟ್ಟುಕೊಂಡರೆ, 6.5 ವಾಟ್ ದರದಲ್ಲಿ ಅಷ್ಟು ಶಾಖ ಕೂಡಲು ಸುಮಾರು 1,600 ಸೆಕೆಂಡು, ಅಂದರೆ ಅರ್ಧ ಗಂಟೆಗೂ ಕಡಿಮೆ. ವಾಸ್ತವದಲ್ಲಿ ಯಾವ ಬಟ್ಟೆಯೂ ದಾರಿಯನ್ನು ಪೂರ್ತಿ ಮುಚ್ಚುವುದಿಲ್ಲ, ನಿಜ. ಆದರೂ ಮಗುವನ್ನು ಬಿಸಿ ಮಾಡಲು ಹೊರಗಿನ ಬೆಂಕಿಯೇ ಬೇಕೆಂದಿಲ್ಲ, ಅದರದೇ ಶಾಖ ಕೌದಿಯೊಳಗೆ ಸಿಕ್ಕಿಕೊಂಡರೂ ಸಾಕು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಬೆವರಿನ ವಿಷಯಕ್ಕೆ ಬರೋಣ. ಹುಟ್ಟುವಾಗಲೇ ಮಗುವಿನ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಇರುತ್ತವೆ. ಆದರೆ ಅವು ಇನ್ನೂ ಸರಿಯಾಗಿ ಕೆಲಸಕ್ಕೆ ತೊಡಗಿರುವುದಿಲ್ಲ. ದಿನ ತುಂಬಿದ ಮಗು ಅಲ್ಪಸ್ವಲ್ಪ ಬೆವರುತ್ತದೆ, ದಿನ ತುಂಬುವ ಮೊದಲೇ ಹುಟ್ಟಿದ ಮಗು ಬೆವರುವುದೇ ಇಲ್ಲವೆನ್ನಬಹುದು. ತಲೆ ಮಗುವಿನ ಮೈಯ ಸುಮಾರು ಐದನೆಯ ಒಂದು ಭಾಗದಷ್ಟಿರುವುದರಿಂದ ಶಾಖ ಹೊರಹೋಗಲು ಅದೂ ಒಂದು ದೊಡ್ಡ ದಾರಿ. ಕುಲಾವಿ ಆ ದಾರಿಯನ್ನು ಮುಚ್ಚುತ್ತದೆ. ಚಳಿಯಲ್ಲಿ ಅದು ವರ, ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಅದೇ ತೊಂದರೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಬೇರೆಯೇ ಇದೆ. ಟಿ.ವಿ. ಸ್ಟುಡಿಯೋದ ಪ್ರಖರ ದೀಪಗಳ ಕೆಳಗೆ ಕೂತ ಅತಿಥಿಗಳು ಹತ್ತು ನಿಮಿಷಕ್ಕೆ ಕೋಟಿನ ಗುಂಡಿ ಬಿಚ್ಚುತ್ತಾರೆ, ನೀರು ಕೇಳುತ್ತಾರೆ, ಫ್ಯಾನ್ ಹಾಕಿ ಎನ್ನುತ್ತಾರೆ. ಹಸುಗೂಸು ಇವುಗಳಲ್ಲಿ ಒಂದನ್ನೂ ಮಾಡಲಾರದು. ಹೊದಿಕೆಯನ್ನು ಸರಿಸಲಾರದು, ನೆರಳಿಗೆ ಹೊರಳಲಾರದು. ಅದರ ಬಳಿ ಇರುವುದು ಅಳು ಒಂದೇ. ಆ ಅಳುವನ್ನು ನಾವು "ಥಂಡಿಯಾಗಿರಬೇಕು" ಎಂದು ತಿಳಿದು ಇನ್ನೊಂದು ಬಟ್ಟೆ ಹೊದಿಸಿದರೆ?

ಬಿಸಿ ಎಲ್ಲಿಂದ ಬರುತ್ತದೆ?

ಅತಿಯಾದ ಹೊದಿಕೆ ಮೊದಲ ಕಾರಣ. ಗಾಳಿಯಾಡದ ಕೋಣೆ, ಹೊರಸಿನ ಕೆಳಗೆ ಅಥವಾ ಪಕ್ಕದಲ್ಲಿ ಇಟ್ಟ ಕೆಂಡ ಎರಡನೆಯದು. ಮುಚ್ಚಿದ ಕೋಣೆಯಲ್ಲಿ ಉರಿಯುವ ಇದ್ದಿಲು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನೂ ಬಿಡುತ್ತದೆ ಎಂಬುದನ್ನು ಮರೆಯಬೇಡಿ. ಕಾಮಾಲೆಗೆ ಒಳ್ಳೆಯದೆಂದು ಎಳೆಗೂಸನ್ನು ಬಿಸಿಲಿನಲ್ಲಿ ಮಲಗಿಸುವುದು ಮೂರನೆಯದು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಕೆಲವೇ ನಿಮಿಷ ಬಿಡುವುದು, ಬಸ್ಸಿನ ಪ್ರಯಾಣದಲ್ಲಿ ಮುಖದ ಮೇಲೂ ಬಟ್ಟೆ ಮುಚ್ಚಿ ಎದೆಗವಚಿಕೊಳ್ಳುವುದು ಕೂಡ ಇದೇ ಸಾಲಿಗೆ ಸೇರುತ್ತವೆ.

ಇವೆಲ್ಲ ನಮ್ಮ ಕೈಯಿಂದ ಆಗುವಂಥವು. ಬೇಸಗೆಯ ಬಿಸಿಯ ಮಾತೇ ಬೇರೆ. ರಾಯಚೂರು, ಕಲಬುರಗಿ, ಬಳ್ಳಾರಿಗಳಲ್ಲಿ ಬೇಸಗೆಯ ಮಧ್ಯಾಹ್ನ 40 ಡಿಗ್ರಿ ದಾಟುವುದು ಹೊಸದೇನಲ್ಲ. ಅಂಥ ಬಿಸಿ ಹಸುಗೂಸುಗಳಿಗೆ ಏನು ಮಾಡುತ್ತದೆ ಎಂಬುದು ಗುಜರಾತಿನ ಅಹಮದಾಬಾದಿನಲ್ಲಿ ಅಂಕಿಅಂಶಗಳ ಸಮೇತ ದಾಖಲಾಗಿದೆ. 2010ರ ಮೇ ತಿಂಗಳಲ್ಲಿ ಆ ನಗರದ ಉಷ್ಣತೆ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಹವಾನಿಯಂತ್ರಣವಿಲ್ಲದ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಆ ವರ್ಷದ ಏಪ್ರಿಲ್, ಮೇ, ಜೂನ್ ತಿಂಗಳುಗಳಲ್ಲಿ 24 ನವಜಾತ ಶಿಶುಗಳನ್ನು ಬಿಸಿಯ ಕಾರಣಕ್ಕಾಗಿಯೇ ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯಿತು. ಹಿಂದಿನ ವರ್ಷ ಇದೇ ಮೂರು ತಿಂಗಳಲ್ಲಿ ಅಂಥ ಶಿಶುಗಳು 8.

ವೈದ್ಯರು ಲೆಕ್ಕ ಹಾಕಿ ನೋಡಿದರು. ದಿನದ ಗರಿಷ್ಠ ಉಷ್ಣತೆ 42 ಡಿಗ್ರಿಯನ್ನು ದಾಟಿದ ಮೇಲೆ ಪ್ರತಿ ಒಂದು ಡಿಗ್ರಿ ಏರಿಕೆಗೆ ಇಂಥ ದಾಖಲಾತಿ ಶೇಕಡಾ 43ರಷ್ಟು ಹೆಚ್ಚಿತ್ತು. ಆ ಬೇಸಗೆಯ ನಂತರ ಆಸ್ಪತ್ರೆ ಮಾಡಿದ ಒಂದು ಸರಳ ಬದಲಾವಣೆಯೆಂದರೆ ಹೆರಿಗೆ ವಾರ್ಡನ್ನು ಮೇಲಿನ ಅಂತಸ್ತಿನಿಂದ ಕೆಳಗಿನ ಅಂತಸ್ತಿಗೆ ಇಳಿಸಿದ್ದು. 2011ರ ಅದೇ ಮೂರು ತಿಂಗಳಲ್ಲಿ ದಾಖಲಾದ ಶಿಶುಗಳು 4. ಹವೆಯಲ್ಲಿ ಆದ ವ್ಯತ್ಯಾಸವನ್ನು ಕಳೆದು ನೋಡಿದರೂ, ಅಂತಸ್ತು ಬದಲಿಸಿದ್ದರಿಂದ ಇಂಥ ದಾಖಲಾತಿ ಶೇಕಡಾ 64ರಷ್ಟು ತಗ್ಗಿತೆಂದು ಅಂದಾಜಾಯಿತು. ಯಾವ ಹೊಸ ಔಷಧಿಯೂ ಇಲ್ಲ, ಯಂತ್ರವೂ ಇಲ್ಲ. ಕಾದ ಚಾವಣಿಯಿಂದ ಮಕ್ಕಳನ್ನು ದೂರ ಸರಿಸಿದರು, ಅಷ್ಟೇ. ನಿಮ್ಮ ಮನೆಯ ಬಾಣಂತಿ ಕೋಣೆ ಶೀಟಿನ ಸೂರಿನ ಕೆಳಗೋ ಮೇಲಿನ ಮಹಡಿಯಲ್ಲೋ ಇದ್ದರೆ ಈ ಮಾತು ನಿಮಗೂ ಅನ್ವಯಿಸುತ್ತದೆ.

ಗುರುತಿಸುವುದು ಹೇಗೆ?

ಮೊದಲು ಮುಟ್ಟಿ ನೋಡಬೇಕು. ನಿಮ್ಮ ಕೈಯನ್ನು ತೊಳೆದು ಒರೆಸಿಕೊಳ್ಳಿ. ಅಂಗೈಯ ಹಿಂಭಾಗವನ್ನು ಮಗುವಿನ ಹೊಟ್ಟೆಗೆ, ನಂತರ ಅಂಗಾಲಿಗೆ ತಾಗಿಸಿ. ಹೊಟ್ಟೆ, ಅಂಗಾಲು ಎರಡೂ ಹಿತವಾಗಿ ಬೆಚ್ಚಗಿದ್ದು ಗುಲಾಬಿ ಬಣ್ಣದಲ್ಲಿದ್ದರೆ ಮಗು ಸರಿಯಾಗಿದೆ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಮಗುವಿಗೆ ಚಳಿಯಾಗುತ್ತಿರಬಹುದು. ಎರಡೂ ತಣ್ಣಗಿದ್ದರೆ ಅಪಾಯ. ಎರಡೂ ಬಿಸಿಯಾಗಿದ್ದರೆ ಕೂಡಲೇ ಥರ್ಮಾಮೀಟರು ತನ್ನಿ.

ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಮಗುವಿನ ಒಣಗಿದ ಕಂಕುಳಿನಲ್ಲಿಟ್ಟು, ತೋಳನ್ನು ಮೆಲ್ಲಗೆ ಮೈಗೆ ಒತ್ತಿ ಹಿಡಿದು, 'ಬೀಪ್' ಎನ್ನುವವರೆಗೂ ಕಾಯಿರಿ. ಸಹಜ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್. ಫ್ಯಾರನ್‌ಹೀಟ್ ಮಾಪಕವಾದರೆ 97.7ರಿಂದ 99.5. ಇದನ್ನು ದಾಟಿದರೆ ಮೈ ಅತಿಯಾಗಿ ಬಿಸಿಯಾಗಿದೆ ಎಂದರ್ಥ.

ಇತರ ಲಕ್ಷಣಗಳನ್ನೂ ನೋಡಿ. ಅತಿಯಾಗಿ ಬಿಸಿಯಾದ ಮಗುವಿನ ಮುಖ, ಮೈ ಕೆಂಪೇರುತ್ತದೆ. ಕೈಕಾಲುಗಳನ್ನು ಮಡಚಿಕೊಳ್ಳದೆ ಅಗಲಕ್ಕೆ ಚಾಚಿ ಮಲಗುತ್ತದೆ. ಶಾಖ ಹೊರಹಾಕಲು ಅದು ಮಾಡಬಲ್ಲ ಪುಟ್ಟ ಪ್ರಯತ್ನ ಇದು. ಕಿರಿಕಿರಿಗೊಂಡು ಅಳುತ್ತದೆ, ಉಸಿರು ವೇಗವಾಗುತ್ತದೆ. ಕುತ್ತಿಗೆಯ ಮಡಿಕೆಗಳಲ್ಲಿ ಬೆವರುಗುಳ್ಳೆ ಏಳಬಹುದು. ಬಿಸಿ ಹಾಗೆಯೇ ಮುಂದುವರಿದರೆ ಅಳು ನಿಲ್ಲುತ್ತದೆ. ಮನೆಯವರು "ಸದ್ಯ, ಮಲಗಿತು" ಎಂದುಕೊಳ್ಳುತ್ತಾರೆ. ಆದರೆ ಮಗು ಸೋತು ಮಂಕಾಗಿರುತ್ತದೆ, ಹಾಲು ಕುಡಿಯುವುದಿಲ್ಲ. ಸುಮ್ಮನಾದ ಬಿಸಿ ಮಗು ಅಳುವ ಬಿಸಿ ಮಗುವಿಗಿಂತ ಹೆಚ್ಚಿನ ಅಪಾಯದಲ್ಲಿದೆ.

ಜ್ವರವೋ, ಸೆಕೆಯೋ?

ಜ್ವರ ಬಂದಾಗ ಹೈಪೋಥಲಮಸ್ ತಾನೇ ಉಷ್ಣತೆಯ ಗುರಿಯನ್ನು ಮೇಲೇರಿಸಿಕೊಳ್ಳುತ್ತದೆ. ಆ ಗುರಿ ಮುಟ್ಟಲು ಶಾಖ ಉಳಿಸಬೇಕಲ್ಲ? ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ಹಾಗಾಗಿ ಸೋಂಕಿನಿಂದ ಜ್ವರ ಬಂದ ಮಗುವಿನ ಹೊಟ್ಟೆ ಬಿಸಿಯಾಗಿದ್ದರೂ ಕೈಕಾಲು ತಣ್ಣಗೆ, ಬಿಳಿಚಿಕೊಂಡಿರುವುದು ಸಾಮಾನ್ಯ. ಸುತ್ತಲಿನ ಬಿಸಿಯಿಂದ ಕಾದ ಮಗುವಿನಲ್ಲಿ ಗುರಿ ಬದಲಾಗಿಲ್ಲ, ದೇಹ ಶಾಖವನ್ನು ಹೊರಹಾಕಲು ಹೆಣಗುತ್ತಿದೆ. ರಕ್ತನಾಳಗಳು ಹಿಗ್ಗಿ ಕೈಕಾಲುಗಳೂ ಹೊಟ್ಟೆಯಷ್ಟೇ ಬಿಸಿಯಾಗಿ, ಕೆಂಪಾಗಿರುತ್ತವೆ.

ಮೂರನೆಯ ಬಗೆಯೂ ಒಂದಿದೆ. ಹುಟ್ಟಿದ ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ತಾಯಿಯ ಹಾಲು ಇನ್ನೂ ಸರಿಯಾಗಿ ಇಳಿದಿರುವುದಿಲ್ಲ. ಆಗ ಬಿಸಿ ಹವೆಯೂ ಸೇರಿದರೆ ಮಗುವಿನ ಮೈಯಲ್ಲಿ ನೀರಿನ ಅಂಶ ಕಡಿಮೆಯಾಗಿ ಉಷ್ಣತೆ ಏರುತ್ತದೆ. ತುಟಿ, ನಾಲಗೆ ಒಣಗುವುದು, ನೆತ್ತಿಯ ಮೆತ್ತನೆಯ ಭಾಗ ಗುಳಿ ಬೀಳುವುದು, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗುವುದು ಇದರ ಗುರುತುಗಳು. ಐದನೆಯ ದಿನದ ಹೊತ್ತಿಗೆ, ಸಾಕಷ್ಟು ಹಾಲು ಸಿಗುತ್ತಿರುವ ಮಗು ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತದೆ.

ಆದರೆ ಈ ವ್ಯತ್ಯಾಸಗಳನ್ನು ನಂಬಿ ಮನೆಯಲ್ಲೇ ತೀರ್ಪು ಕೊಡಲು ಹೋಗಬೇಡಿ. ಹಸುಗೂಸಿನಲ್ಲಿ ಸೋಂಕು ಗಂಟೆಗಳಲ್ಲಿ ಉಲ್ಬಣಿಸುತ್ತದೆ. ಮೂರೂ ಬಗೆಗಳು ಒಂದೇ ಮಗುವಿನಲ್ಲಿ ಕೂಡಿರಲೂಬಹುದು. ಬಿಸಿಯಾದ ಪ್ರತಿ ನವಜಾತ ಶಿಶುವಿನಲ್ಲೂ ಸೋಂಕು ಇದೆಯೇ ಎಂದು ವೈದ್ಯರು ಪರೀಕ್ಷಿಸಿ ನೋಡುವುದು ಇದಕ್ಕಾಗಿಯೇ.

ಏನು ಮಾಡಬೇಕು?

ಉಷ್ಣತೆ 37.5 ದಾಟಿದೆ, ಆದರೆ 38 ಮುಟ್ಟಿಲ್ಲ. ಮಗು ಚುರುಕಾಗಿದೆ, ಹಾಲು ಕುಡಿಯುತ್ತಿದೆ ಎಂದುಕೊಳ್ಳಿ. ಆಗ ಈ ಕ್ರಮ ಅನುಸರಿಸಿ.

1. ಬಿಸಿಯ ಮೂಲದಿಂದ ಮಗುವನ್ನು ದೂರ ತನ್ನಿ. ಅಗ್ಗಿಷ್ಟಿಕೆ ಹೊರಗಿಡಿ, ಕಿಟಕಿ ತೆರೆಯಿರಿ, ಮನೆಯಲ್ಲಿ ಇರುವುದರಲ್ಲೇ ತಂಪಾದ ಕೋಣೆಗೆ ಕರೆದೊಯ್ಯಿರಿ.

2. ಕುಲಾವಿ, ಕೌದಿ, ಸುತ್ತುಬಟ್ಟೆ ತೆಗೆಯಿರಿ. ತೆಳುವಾದ ಹತ್ತಿಯ ಅಂಗಿಯೊಂದಿದ್ದರೆ ಸಾಕು.

3. ಫ್ಯಾನ್ ಹಾಕಬಹುದು. ಗಾಳಿ ನೇರವಾಗಿ ಮಗುವಿನ ಮೇಲೆ ಬೀಸದಿರಲಿ.

4. ತಾಯಿಯ ಎದೆಹಾಲು ಕುಡಿಸಲಿ, ಎಂದಿಗಿಂತ ಹೆಚ್ಚು ಬಾರಿ. ಎದೆಹಾಲಿನಲ್ಲಿ ಶೇಕಡಾ 87ಕ್ಕೂ ಹೆಚ್ಚು ನೀರೇ ಇರುವುದರಿಂದ ಕಡು ಬೇಸಗೆಯಲ್ಲೂ ಮಗುವಿಗೆ ಬೇರೆ ನೀರು ಬೇಡ. ಬಾಣಂತಿ ಮಾತ್ರ ಬೇಕಾದಷ್ಟು ನೀರು ಕುಡಿಯಬೇಕು. ಬಾಣಂತಿಗೆ ನೀರು ಕೊಡಬಾರದೆಂಬ ಕಟ್ಟುಪಾಡು ಬೇಸಗೆಯಲ್ಲಿ ತಾಯಿಯನ್ನೇ ಬಳಲಿಸುತ್ತದೆ.

5. ಅರ್ಧ ಗಂಟೆ ಬಿಟ್ಟು ಮತ್ತೆ ಉಷ್ಣತೆ ನೋಡಿ. ಎರಡೂ ಅಂಕಿಗಳನ್ನು, ಸಮಯವನ್ನು ಒಂದು ಹಾಳೆಯಲ್ಲಿ ಬರೆದಿಡಿ. ವೈದ್ಯರಿಗೆ ಆ ಹಾಳೆ ಬಹಳ ಉಪಯೋಗಕ್ಕೆ ಬರುತ್ತದೆ.

ಉಷ್ಣತೆ ಸಹಜಕ್ಕೆ ಇಳಿದರೆ ಒಂದೊಂದು ಗಂಟೆಗೆ ಇನ್ನೂ ಕೆಲವು ಸಲ ನೋಡುತ್ತಿರಿ, ಆಶಾ ಕಾರ್ಯಕರ್ತೆಗೋ ದಾದಿಗೋ ವಿಷಯ ತಿಳಿಸಿ. ಇಳಿಯದಿದ್ದರೆ ಆಸ್ಪತ್ರೆಗೆ ಹೊರಡಿ.

ಉಷ್ಣತೆ 38 ಡಿಗ್ರಿ, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದ್ದರೆ ಅರ್ಧ ಗಂಟೆ ಕಾಯುವ ಮಾತೇ ಇಲ್ಲ. ಹಾಲು ಕುಡಿಯದಿರುವುದು, ಮಂಕಾಗಿರುವುದು, ನಿಮಿಷಕ್ಕೆ 60ಕ್ಕೂ ಹೆಚ್ಚು ಉಸಿರಾಟ, ಎದೆಗೂಡು ಒಳಗೆ ಎಳೆದುಕೊಳ್ಳುವುದು, ಸೆಳವು ಇವುಗಳಲ್ಲಿ ಒಂದು ಕಂಡರೂ ಅಷ್ಟೇ. ದಿನ ತುಂಬದೆ ಹುಟ್ಟಿದ ಅಥವಾ ತೂಕ ಕಡಿಮೆ ಇರುವ ಮಗುವಾದರೆ 37.5 ದಾಟಿದಾಗಲೇ ಹೊರಡಿ. ಹೆಚ್ಚಿನ ಹೊದಿಕೆ ತೆಗೆದು, ದಾರಿಯುದ್ದಕ್ಕೂ ಹಾಲು ಕುಡಿಸುತ್ತ ಆಸ್ಪತ್ರೆಗೆ ಒಯ್ಯಬೇಕು. ಹಾಲು ನುಂಗಲಾರದ, ಎಚ್ಚರವಿಲ್ಲದ ಮಗುವಿನ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ವಾಹನ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆಂದೇ ವಿಶೇಷ ಆರೈಕೆ ಘಟಕಗಳಿವೆ. ಕಾಯಿಲೆ ಬಿದ್ದ ನವಜಾತ ಶಿಶುಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ನೀಡುವ ಕೇಂದ್ರ ಸರ್ಕಾರದ ಯೋಜನೆ 2011ರಲ್ಲೇ ಆರಂಭವಾಗಿದೆ. ಖರ್ಚಿಗೆ ಅಂಜಿ ತಡಮಾಡಬೇಡಿ.

ಏನು ಮಾಡಬಾರದು?

ತಣ್ಣೀರು, ಮಂಜುಗಡ್ಡೆ, ಸ್ಪಿರಿಟ್ ಇವುಗಳಿಂದ ಮಗುವಿನ ಮೈ ಒರೆಸಬೇಡಿ. ಚರ್ಮ ತಟ್ಟನೆ ತಣ್ಣಗಾದರೆ ರಕ್ತನಾಳಗಳು ಕುಗ್ಗಿ ಶಾಖ ಒಳಗೇ ಉಳಿಯುತ್ತದೆ. ಇಲ್ಲವೇ ಮಗು ಮಿತಿಮೀರಿ ತಣ್ಣಗಾಗುತ್ತದೆ. 40 ಡಿಗ್ರಿ ದಾಟಿದ ಮಗುವಿಗೆ ಆಸ್ಪತ್ರೆಯಲ್ಲಿ ಸ್ನಾನ ಮಾಡಿಸುವುದುಂಟು. ಅಲ್ಲಿಯೂ ನೀರು ಮಗುವಿನ ಮೈಗಿಂತ ಸುಮಾರು ಎರಡು ಡಿಗ್ರಿ ಮಾತ್ರ ಕಡಿಮೆ ಇರುವಂತೆ ನೋಡಿಕೊಳ್ಳುತ್ತಾರೆ.

ಜ್ವರದ ಔಷಧಿಯನ್ನು ನೀವಾಗಿ ಕೊಡಬೇಡಿ. ಸುತ್ತಲಿನ ಬಿಸಿಯಿಂದ ಏರಿದ ಉಷ್ಣತೆಯನ್ನು ಅದು ಇಳಿಸುವುದಿಲ್ಲ. ಸೋಂಕಿನ ಜ್ವರವಾದರೆ ಅಂಕಿ ಇಳಿದು, ಕಾಯಿಲೆ ಒಳಗೇ ಬೆಳೆಯುತ್ತದೆ. ಸಕ್ಕರೆ ನೀರು, ಬಜೆ, ಜೇನು ನೆಕ್ಕಿಸಬೇಡಿ. ಬರೆ ಹಾಕುವ ಮಾತು ಯಾರಾದರೂ ಎತ್ತಿದರೆ ತಡೆಯಿರಿ. ಅದರಿಂದ ಮಗುವಿಗೆ ಸುಟ್ಟ ಗಾಯವೂ ಸೋಂಕೂ ಆಗುತ್ತವೆ, ಬೇರೇನೂ ಆಗುವುದಿಲ್ಲ.

ಮನೆಯಲ್ಲಿ ಮಾತಾಡುವುದು ಹೇಗೆ?

ಇದನ್ನೆಲ್ಲ ಓದಿದ ನೀವು ನಾಳೆಯೇ ಅಜ್ಜಿಯ ಮುಂದೆ ನಿಂತು "ನಿಮ್ಮದೆಲ್ಲ ತಪ್ಪು" ಎಂದರೆ ಕೆಲಸ ಕೆಡುತ್ತದೆ, ಮಾತೂ ನಿಜವಾಗುವುದಿಲ್ಲ. ಮಳೆಗಾಲದ ಮಲೆನಾಡಿನಲ್ಲಿ, ಧನುರ್ಮಾಸದ ಬೆಳಗಿನ ಜಾವದಲ್ಲಿ ಅದೇ ಕುಲಾವಿ, ಅದೇ ಕೌದಿ ಎಷ್ಟೋ ಮಕ್ಕಳನ್ನು ಉಳಿಸಿವೆ. ಹುಟ್ಟಿದ ಕೂಡಲೇ ಒರೆಸಿ ತಾಯಿಯ ಎದೆಗೆ ಒರಗಿಸಿ ಬೆಚ್ಚಗಿಡಬೇಕೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಬೇಕಾದದ್ದು ಹವೆಗೆ ತಕ್ಕ ಹೊದಿಕೆ. ಆ ಕೋಣೆಯಲ್ಲಿ ನಮಗೆ ಹಿತವೆನಿಸುವುದಕ್ಕಿಂತ ಒಂದು ಪದರ ಹೆಚ್ಚು ಬಟ್ಟೆ ಮಗುವಿಗೆ ಸಾಕು. ನಮಗೇ ಬೆವರು ಸುರಿಯುತ್ತಿದ್ದರೆ ಆ ಒಂದು ಪದರವೂ ಬೇಡ.

"ಅಜ್ಜೀ, ಒಂದು ಸಲ ಇದರ ಅಂಗಾಲು ಮುಟ್ಟಿ ನೋಡ್ತೀರಾ? ಸುಡ್ತಾ ಇದೆ ಅನ್ನಿಸ್ತದೆ" ಎಂದು ಕೇಳಿ. ಥರ್ಮಾಮೀಟರಿನ ಅಂಕಿಯನ್ನು ಅವರಿಗೂ ತೋರಿಸಿ. ಕುಲಾವಿ ತೆಗೆದ ಅರ್ಧ ಗಂಟೆಯ ಮೇಲೆ ಮತ್ತೆ ತೋರಿಸಿ. ಹತ್ತಾರು ಮಕ್ಕಳನ್ನು ಎತ್ತಿ ಆಡಿಸಿದ ಕೈ ಅದು. ಬಿಸಿಗೂ ಬೆಚ್ಚಗಿಗೂ ಇರುವ ವ್ಯತ್ಯಾಸ ಅದಕ್ಕೆ ನಮಗಿಂತ ಬೇಗ ತಿಳಿಯುತ್ತದೆ. ಮನೆಯಲ್ಲಿ ಥರ್ಮಾಮೀಟರು ಇಲ್ಲದಿದ್ದರೆ ಮಗು ಮನೆಗೆ ಬರುವ ಮೊದಲೇ ಒಂದನ್ನು ತಂದಿಡಿ, ಬಳಸುವುದನ್ನು ನಿಮ್ಮ ಕಂಕುಳಿನಲ್ಲೇ ಇಟ್ಟು ಅಭ್ಯಾಸ ಮಾಡಿಕೊಳ್ಳಿ.